ಕೆಂಪು ದೀಪ ದಾಟಿದ ತೆಕ್ಲಾ

ಹೊಟ್ಟೆಪಾಡಿಗೆ ನಾನು ಮಳೆ ಸುರಿಸುತ್ತೇನೆ. ಬೇಕೆಂದಾಗ ಮಂಜು ಕವಿಸುತ್ತೇನೆ, ಸಂಜೆಯ ಬಿಸಿಲನ್ನು ನೇರ ಕಣ್ಣಿಗೆ ಹೊಡೆಯುವಂತೆ ಇಳಿಸುತ್ತೇನೆ, ಮುಂದೆ ಹೋಗುವ ಲಾರಿ ಎರಚಿದ ಕೆಸರನ್ನು ಕ್ಯಾಮೆರಾದ ಗಾಜಿಗೆ ಮೆತ್ತುತ್ತೇನೆ. ಎಲ್ಲವೂ ಕಂಪ್ಯೂಟರಿನ ಒಳಗೆ. ಅಲ್ಲೊಂದು ಊರಿದೆ. ಆ ಊರಿನಲ್ಲಿ ಓಡುವ ಕಾರಿನ ಕಣ್ಣಿಗೆ ಏನು ಕಾಣಬೇಕೋ ಅದನ್ನು ಚಿತ್ರ ಮಾಡಿ ಕೊಡುವುದು ನಮ್ಮ ಕಚೇರಿಯ ಕೆಲಸ. ಕಾರು ಮಾತ್ರ ಇಲ್ಲ. ಕಾರಿನ ಮಿದುಳು ಎನ್ನಬಹುದಾದ ಒಂದು ಕಪ್ಪು ಡಬ್ಬಿ ಮೇಜಿನ ಮೇಲೆ ಕುಳಿತಿರುತ್ತದೆ. ನಮ್ಮ ಚಿತ್ರಗಳನ್ನು ನೋಡಿ ಅದು ತಾನು ನಿಜವಾದ ರಸ್ತೆಯಲ್ಲೇ ಓಡುತ್ತಿದ್ದೇನೆಂದು ನಂಬಬೇಕು, ಯಾರಾದರೂ ಅಡ್ಡ ಬಂದರೆ ತಾನಾಗಿಯೇ ಬ್ರೇಕ್ ಹಾಕಬೇಕು. ಹಾಕಿದರೆ ಪಕ್ಕದಲ್ಲಿರುವ ಪುಟ್ಟ ದೀಪ ಹತ್ತುತ್ತದೆ. ಹತ್ತದಿದ್ದರೆ ಆ ಮನುಷ್ಯ ಸತ್ತಂತೆ. ಅವನೂ ನಿಜದವನಲ್ಲ ಎಂಬುದೊಂದೇ ಸಮಾಧಾನ.

ನಿಜವಾದ ಕಾರನ್ನೇ ಓಡಿಸಿ ನೋಡಬಾರದೇ ಎಂದು ನಮ್ಮ ಅತ್ತೆ ಪ್ರತಿ ಕ್ರಿಸ್‌ಮಸ್ ಊಟದಲ್ಲೂ ಕೇಳುತ್ತಾರೆ. ಓಡಿಸಬಹುದು, ಅಡ್ಡ ನಿಲ್ಲಲು ನೀವು ಬರುತ್ತೀರಾ ಎಂದು ನಾನೂ ಪ್ರತಿ ಸಲ ಕೇಳುತ್ತೇನೆ. ಆಮೇಲೆ ಇಬ್ಬರೂ ಆಲೂಗಡ್ಡೆ ಸಲಾಡಿನ ಕಡೆಗೆ ಗಮನ ಕೊಡುತ್ತೇವೆ.

ಆ ಸುಳ್ಳು ಊರಿನಲ್ಲಿ ಕುಡುಕನಿದ್ದಾನೆ, ಮಗುವಿನ ಗಾಡಿ ತಳ್ಳುವ ತಾಯಿಯಿದ್ದಾಳೆ, ಸೊಂಟ ಬಗ್ಗಿದ ಮುದುಕನಿದ್ದಾನೆ, ಚೀಲ ಹೊತ್ತ ಶಾಲೆಯ ಮಕ್ಕಳಿದ್ದಾರೆ. ಮುಖ ಬೇರೆ, ಬಟ್ಟೆ ಬೇರೆ. ಆದರೆ ಅವರೆಲ್ಲರ ನಡಿಗೆ ಒಬ್ಬಳದೇ. ಅವಳು ತೆಕ್ಲಾ ರಾಪ್, ನನ್ನ ಗೆಳತಿ, ವಯಸ್ಸಿನಲ್ಲಿ ನನಗಿಂತ ಸ್ವಲ್ಪ ಹಿರಿಯಳು, ಬಾಯಲ್ಲಿ ಬಹಳ ಹಿರಿಯಳು.

"ನಡೆಯುವವರು ಬೇಕಾಗಿದ್ದಾರೆ" ಎಂದು ನಮ್ಮ ಕಚೇರಿಯ ಯಜಮಾನ ಕ್ಲೆಮೆನ್ಸ್ ಒಮ್ಮೆ ಬೇಕರಿಯ ಗೋಡೆಗೆ ಚೀಟಿ ಅಂಟಿಸಿದ್ದ. ಬಂದವಳು ಇವಳೊಬ್ಬಳೇ. "ನಡೆದ್ರೆ ದುಡ್ಡು ಕೊಡ್ತಾರಂತೆ. ಇದರಲ್ಲಿ ಏನೋ ಮೋಸ ಇದೆ, ನೋಡೇಬಿಡೋಣ ಅಂತ ಬಂದೆ" ಎಂದು ಕೈಚೀಲ ಎದೆಗೆ ಅವುಚಿಕೊಂಡೇ ಕುಳಿತಿದ್ದಳು. ಕೀಲುಕೀಲಿಗೂ ಗುಂಡಿಯಂಥ ಸಾಧನಗಳಿರುವ ಮೈಗಂಟುವ ಕರಿಯ ಉಡುಪನ್ನು ತೊಡಿಸಿದೆವು. ಅದನ್ನು ತೊಟ್ಟವರು ಹೇಗೆ ನಡೆಯುತ್ತಾರೋ ಹಾಗೇ ಕಂಪ್ಯೂಟರಿನೊಳಗಿನ ಬೊಂಬೆಯೂ ನಡೆಯುತ್ತದೆ. ಕ್ರೀಡಾ ಸಂಘದ ಹಾಲಿನಲ್ಲಿ ಚಳಿಗಾಲಕ್ಕೊಮ್ಮೆ ಆಡುವ ಹಳ್ಳಿ ನಾಟಕಗಳಲ್ಲಿ ಇವಳು ಖಾಯಂ ಅತ್ತೆ. ಕುಡುಕನ ಹಾಗೆ ನಡೆ ಎಂದರೆ ಬಾಯಿಂದ ವಾಸನೆ ಬರುತ್ತದೇನೋ ಎಂಬಂತೆ ನಡೆದಳು. ಮುದುಕನ ಹಾಗೆ ಎಂದರೆ ಮೊದಲು ನಿಂತು ಉಸಿರೆಳೆದುಕೊಂಡಳು, ಆಮೇಲೆ ನಡೆದಳು. ತೆರೆಯ ಮೇಲೆ ಆ ಮುದುಕ ಮೂಡಿದಾಗ ಕಣ್ಣು ಕಿರಿದು ಮಾಡಿ ನೋಡಿ, "ಯೂಟಾ, ಈ ಸೊಂಟ ನಂದು ಕಣೇ. ಮೊಣಕಾಲು ಮಾತ್ರ ನಮ್ಮ ಮಾವಂದು. ಪುಣ್ಯಾತ್ಮ, ಸತ್ತ ಮೇಲಾದ್ರೂ ಒಂದು ಕೆಲಸಕ್ಕೆ ಬಂದ" ಎಂದಳು. ಯೂಟಾ ಎಂದರೆ ನಾನು.

ಅವಳಪ್ಪ ರೈಲ್ವೆ ಗೇಟ್‌ಮ್ಯಾನ್. ಊರಿನ ತುದಿಯಲ್ಲಿ, ನೆಕ್ಕರ್ ಹೊಳೆಯ ಪಕ್ಕ, ಹಳಿಗೆ ಅಂಟಿಕೊಂಡಂತಿದ್ದ ಪುಟ್ಟ ಮನೆಯಲ್ಲಿ ತೆಕ್ಲಾ ಬೆಳೆದಳು. ಕೈಯಲ್ಲಿ ಚಕ್ರ ತಿರುಗಿಸಿ ಗೇಟು ಇಳಿಸುವ ಕಾಲ ಅದು. ಇಳಿಸಿದ ಮೇಲೆ ಮುಗಿಯಿತು, ಮೇಯರ್ ಬಂದರೂ ನಿಲ್ಲಬೇಕು. ಯಾರೋ ಸಾಯುತ್ತಿದ್ದಾರೆ, ಬೇಗ ಬಿಡಿ ಎಂದು ಪಾದ್ರಿಗಳು ಒಮ್ಮೆ ಅಂಗಲಾಚಿದಾಗಲೂ ಅಪ್ಪ ಜಗ್ಗಲಿಲ್ಲವಂತೆ. "ಸಾಯೋನು ಕಾಯ್ತಾನೆ ಸ್ವಾಮಿ, ರೈಲು ಕಾಯಲ್ಲ" ಎಂದನಂತೆ. ಅಂಥ ಮನೆಯ ಮಗಳು ಇವಳು. ಕೆಂಪು ಎಂದರೆ ನಿಲ್ಲು. ನಮ್ಮೂರಿನಲ್ಲಿ ಎಲ್ಲರೂ ನಿಲ್ಲುವವರೇ. ರಸ್ತೆ ಖಾಲಿ ಹೊಡೆಯುತ್ತಿದ್ದರೂ, ಜಡಿಮಳೆಯಲ್ಲಿ ನೆನೆಯುತ್ತಿದ್ದರೂ, ಸಿಗ್ನಲ್ ಕಂಬದ ಮೇಲಿನ ಪುಟ್ಟ ಮನುಷ್ಯ ಹಸಿರಾಗುವವರೆಗೆ ಅಲ್ಲಾಡುವುದಿಲ್ಲ. ಮಕ್ಕಳ ಎದುರಿಗೆ ಕೆಂಪಿನಲ್ಲಿ ದಾಟಿದವನನ್ನು ಬೇಕರಿಯಲ್ಲಿ ಯಾರೂ ಮಾತಾಡಿಸುವುದಿಲ್ಲ. ನಾವೆಲ್ಲ ರೂಢಿಯಿಂದ ನಿಲ್ಲುತ್ತೇವೆ, ತೆಕ್ಲಾ ಮಾತ್ರ ನಂಬಿ ನಿಲ್ಲುತ್ತಾಳೆ.

ಅವಳಿಗೆ ಗಂಡ ಸಿಕ್ಕಿದ್ದೂ ಗೇಟಿನಲ್ಲೇ. ಫ್ರಿಡೊಲಿನ್ ಆಗ ಸೈಕಲ್ಲಿನಲ್ಲಿ ಮನೆಮನೆಗೆ ಬ್ರೆಡ್ಡು ಹಂಚುತ್ತಿದ್ದ ಹುಡುಗ. ರೈಲಿನ ಹೊತ್ತನ್ನೆಲ್ಲ ಬಾಯಿಪಾಠ ಮಾಡಿಕೊಂಡು, ಸರಿಯಾಗಿ ಗೇಟು ಬೀಳುವ ಹೊತ್ತಿಗೆ ಆಚೆ ಬದಿಗೆ ಬಂದು ನಿಲ್ಲುತ್ತಿದ್ದ. ಹಸಿರು ಟೋಪಿಯನ್ನು ಎಡಗಡೆಗೆ ವಾರೆಯಾಗಿ ಇಟ್ಟುಕೊಂಡು, ಒಂದು ಕಾಲನ್ನು ಪೆಡಲಿನ ಮೇಲಿಟ್ಟು, ಇವಳನ್ನೇ ನೋಡುತ್ತ. ಇವಳೇನು ಕಮ್ಮಿ? ಅಪ್ಪ ಕಾಫಿಗೆ ಒಳಗೆ ಹೋದಾಗ ರೈಲಿಗೆ ಬಹಳ ಮೊದಲೇ ಗೇಟು ಇಳಿಸಿಬಿಡುತ್ತಿದ್ದಳು. "ಈ ಬ್ರೆಡ್ಡಿನ ಹುಡುಗ ಏನು ಗ್ರಹಚಾರದವನೋ, ಯಾವಾಗ ನೋಡಿದ್ರೂ ಗೇಟಲ್ಲೇ ಸಿಕ್ಕಿಕೊಂಡಿರ್ತಾನೆ" ಎಂದು ಅಪ್ಪ ಕನಿಕರ ಪಡುತ್ತಿದ್ದನಂತೆ. ಮದುವೆಯ ಮಾತು ಬಂದಾಗಲೇ ಅವನಿಗೆ ಲೆಕ್ಕ ಹತ್ತಿದ್ದು.

ಫ್ರಿಡೊಲಿನ್ ತೀರಿಹೋಗಿ ಕೆಲವು ವರ್ಷಗಳಾದವು. ಅವನು ಹೋದ ಮೇಲೆ ತೆಕ್ಲಾ ಕಿಟಕಿಯ ಪರದೆ ಎತ್ತುವುದನ್ನೇ ಬಿಟ್ಟಿದ್ದಳು. ನಾನು ಸೂಪು ಮಾಡಿ ತಂದು ಬಾಗಿಲಲ್ಲಿಟ್ಟರೆ ಮಾರನೆಯ ದಿನ ಅದು ಹಾಗೇ ಇರುತ್ತಿತ್ತು. ಕೊನೆಗೆ ಶಾಲೆಯ ಮುಖ್ಯೋಪಾಧ್ಯಾಯಿನಿ ಫ್ರಾವ್ ಎಬೆರ್ಲೆ, ಎಂದರೆ ಶ್ರೀಮತಿ ಎಬೆರ್ಲೆ, ಬಂದು ಬಾಗಿಲು ಗುದ್ದಿ ತೆಗೆಸಿ, ಒಂದು ಹೊಳೆಯುವ ಹಳದಿ ಜಾಕೆಟ್ಟನ್ನು ಅವಳ ಕೈಗೆ ತುರುಕಿದರು. "ಶಾಲೆ ಮುಂದೆ ಮಕ್ಕಳನ್ನ ರಸ್ತೆ ದಾಟಿಸೋಕೆ ಜನ ಇಲ್ಲ. ನಾಳೆಯಿಂದ ನೀವು ನಿಲ್ತೀರಿ. ಅಳೋದಿದ್ರೆ ಮಕ್ಕಳು ಒಳಗೆ ಹೋದ್ಮೇಲೆ ಅಳಿ" ಎಂದರು. ತೆಕ್ಲಾ ನಿಂತಳು. ಮೊದಲು ಅಳುತ್ತಲೇ ನಿಂತಳು, ಆಮೇಲೆ ಅಳುವುದಕ್ಕೆ ಪುರುಸೊತ್ತೇ ಆಗಲಿಲ್ಲ. ಆ ಜಾಕೆಟ್ಟು ಇಲ್ಲದಿದ್ದರೆ ಅವಳು ಹಾಸಿಗೆ ಬಿಟ್ಟು ಏಳುತ್ತಿರಲಿಲ್ಲ ಎಂಬುದು ನನಗೆ ಗೊತ್ತು, ಅವಳಿಗೂ ಗೊತ್ತು. ನಮ್ಮ ಕಚೇರಿಯ ನಡಿಗೆ ಅವಳಿಗೆ ತಮಾಷೆ. ಹಳದಿ ಜಾಕೆಟ್ಟು ಜೀವ.

ಸಣ್ಣ ಮಕ್ಕಳು ಆಚೆ ಬದಿಯಲ್ಲಿ ಅಮ್ಮನನ್ನು ಕಂಡರೆ ಕೈ ಕೊಸರಿಕೊಂಡು ಓಡಲು ನೋಡುತ್ತವೆ. ತೆಕ್ಲಾ ಅವರ ಚೀಲದ ಪಟ್ಟಿ ಹಿಡಿದು ಒಂದೇ ಮಾತು ಹೇಳುತ್ತಾಳೆ: "ಆಚೆ ಇರೋರು ಎಲ್ಲೂ ಓಡಿಹೋಗಲ್ಲ ಚಿನ್ನ. ಹಸಿರಾಗೋವರೆಗೂ ಕಾಯ್ತಾರೆ."

ಹೀಗಿರುವಾಗ ಓರ್ನೆಲ್ಲಾ ಬಂದಳು. ಇಟಲಿಯ ಟುರಿನ್ ಊರಿನವಳು, ನಮ್ಮ ಚಿತ್ರಗಳನ್ನು ಕೊಳ್ಳುವ ಗಿರಾಕಿಗಳ ಕಡೆಯಿಂದ ಪರೀಕ್ಷೆಗೆ ಬಂದವಳು. ಕ್ಲೆಮೆನ್ಸ್ ಅಂದು ಇಸ್ತ್ರಿ ಮಾಡಿದ ಅಂಗಿ ಹಾಕಿದ್ದ. ನಾನು ನನ್ನ ಅತ್ಯುತ್ತಮ ಮಳೆ ಸುರಿಸಿದೆ. ಒದ್ದೆ ರಸ್ತೆಯಲ್ಲಿ ಎದುರಿನ ಕಾರಿನ ದೀಪ ಉದ್ದಕ್ಕೆ ಕರಗಿ ಹರಡುವುದು, ಗಾಜಿನ ಮೇಲಿನ ಹನಿಯೊಳಗೆ ಇಡೀ ಬೀದಿ ತಲೆಕೆಳಗಾಗಿ ಕಾಣುವುದು, ಎಲ್ಲ ತೋರಿಸಿದೆ. ಓರ್ನೆಲ್ಲಾ ಮೆಚ್ಚಿ ತಲೆಯಾಡಿಸಿದಳು. ಆಮೇಲೆ ಕುರ್ಚಿ ಹತ್ತಿರ ಎಳೆದುಕೊಂಡು ಇನ್ನೊಮ್ಮೆ ನೋಡಿದಳು, ಮತ್ತೊಮ್ಮೆ ನೋಡಿದಳು.

"ಒಂದು ಕೇಳಲಾ? ನಿಮ್ಮ ಈ ಊರಲ್ಲಿ ಯಾರೂ ಯಾಕೆ ನುಗ್ಗಲ್ಲ?" ಎಂದಳು.

"ನುಗ್ಗೋದು ಅಂದ್ರೆ?" ಎಂದ ಕ್ಲೆಮೆನ್ಸ್.

"ಕೆಂಪಲ್ಲಿ. ನೋಡಿ, ಎಲ್ಲಾ ನಿಂತಿದಾರೆ. ಮುದುಕ ನಿಂತಿದಾನೆ, ಮಕ್ಕಳು ನಿಂತಿದಾವೆ. ಅಯ್ಯೋ ದೇವರೇ, ಕುಡುಕನೂ ನಿಂತಿದಾನೆ!"

ಕ್ಲೆಮೆನ್ಸ್ ತೆರೆಯನ್ನು ನೋಡಿದ. ಅವನ ಮುಖದಲ್ಲಿ ನಿಜವಾದ ಗೊಂದಲವಿತ್ತು. "ಆದ್ರೆ ಕೆಂಪು ಇದೆಯಲ್ಲ?" ಎಂದ.

ಓರ್ನೆಲ್ಲಾ ನಕ್ಕ ನಗೆ ಕೆಳಗಿನ ಮಹಡಿಗೂ ಕೇಳಿಸಿರಬೇಕು. ನಮಗೆ ನಗು ಬರಲಿಲ್ಲ. ಚಿತ್ರ ಬರೆದವರು ನಾವು, ಬೊಂಬೆಗಳಿಗೆ ಎಲ್ಲಿ ನಿಲ್ಲಬೇಕೆಂದು ಹೇಳಿಕೊಟ್ಟವರು ನಾವು, ನಡೆದವಳು ತೆಕ್ಲಾ. ಕೆಂಪಿನಲ್ಲಿ ಒಬ್ಬ ಮನುಷ್ಯ ದಾಟಬಹುದು ಎಂಬ ಯೋಚನೆ ನಮ್ಮ ಯಾರ ತಲೆಗೂ ಬಂದಿರಲಿಲ್ಲ. ಮಂಜಿನ ಕಣಕಣ ಲೆಕ್ಕ ಹಾಕಿದ್ದೆವು, ಅಡ್ಡಾದಿಡ್ಡಿ ಮನುಷ್ಯನನ್ನೇ ಮರೆತಿದ್ದೆವು. ಮೇಜಿನ ಮೇಲಿನ ಡಬ್ಬಿ ಪಾಪ, ಲೋಕದಲ್ಲಿ ಎಲ್ಲರೂ ಸಭ್ಯರು ಎಂದು ಕಲಿತು ಟುರಿನ್ನಿನ ಬೀದಿಗೆ ಇಳಿಯುವುದರಲ್ಲಿತ್ತು.

ಮಾರನೆಯ ದಿನವೇ ಕಚೇರಿಯ ಹಾಲಿನ ನೆಲಕ್ಕೆ ಬಿಳಿ ಪಟ್ಟಿ ಅಂಟಿಸಿ ಫುಟ್‌ಪಾತಿನ ಅಂಚು ಮಾಡಿದೆವು. ಎದುರಿಗೆ ಒಂದು ಕೆಂಪು ಬಲ್ಬು ತೂಗುಹಾಕಿದೆವು. ತೆಕ್ಲಾ ಕರಿಯ ಉಡುಪು ತೊಟ್ಟು ಬಂದಳು.

"ದಾಟಿ" ಎಂದ ಕ್ಲೆಮೆನ್ಸ್.

ಅವಳು ಹೆಜ್ಜೆ ಹಾಕಿದಳು, ಪಟ್ಟಿಯ ಬಳಿ ಬಂದಳು, ನಿಂತಳು.

"ತೆಕ್ಲಾ, ಅದು ಬರೀ ಬಲ್ಬು."

"ಗೊತ್ತಪ್ಪ, ಬಲ್ಬು ಅಂತ. ನನ್ನ ಕಾಲಿಗೆ ಗೊತ್ತಾಗಬೇಕಲ್ಲ."

ಬಲ್ಬನ್ನೇ ತೆಗೆದುಬಿಟ್ಟೆವು. ಅಲ್ಲಿ ಅದು ಇತ್ತು ಎಂಬುದು ಅವಳಿಗೆ ನೆನಪಿತ್ತು, ನಿಂತಳು. ಹಸಿರು ಎಂದುಕೊಂಡು ನಡೆಯಿರಿ ಎಂದೆವು. ಸರಾಗವಾಗಿ ನಡೆದಳು. ಆ ನಡಿಗೆಯನ್ನು ಕೆಂಪಿನ ಹೊತ್ತಿಗೆ ಜೋಡಿಸಿ ತೋರಿಸಿದರೆ ಓರ್ನೆಲ್ಲಾ ಮೂಗು ಮುರಿದಳು. "ಇದು ಚರ್ಚಿಗೆ ಹೋಗೋರ ನಡಿಗೆ. ಕೆಂಪಲ್ಲಿ ನುಗ್ಗೋನು ರಸ್ತೆ ನೋಡಲ್ಲ ಕಣ್ರೀ. ಕುತ್ತಿಗೆ ಮುಂದೆ ಹೋಗಿರತ್ತೆ, ಕಾಲು ಹಿಂದೆ ಬರತ್ತೆ. ನಿಮ್ಮ ಡಬ್ಬಿ ಅದನ್ನ ಗುರುತು ಹಿಡೀಬೇಕು" ಎಂದಳು. ನೀವೇ ನಡೆದು ತೋರಿಸಿ ಎಂದರೆ, ಕಳೆದ ತಿಂಗಳಷ್ಟೇ ಅವಳ ಕಾಲಿಗೆ ಶಸ್ತ್ರಚಿಕಿತ್ಸೆಯಾಗಿತ್ತು. ಕ್ಲೆಮೆನ್ಸ್ ತಾನೇ ಉಡುಪು ತೊಟ್ಟ. ಅಡುಗೆಮನೆಯಲ್ಲಿ ಜಾಮ್ ಕದಿಯುವ ಹುಡುಗನ ಹಾಗೆ ಆ ಕಡೆ ಈ ಕಡೆ ಕಳ್ಳನೋಟ ಬೀರುತ್ತ ದಾಟಿದ. ನಾನೂ ದಾಟಿದೆ. ನನ್ನದು ಇನ್ನೂ ಹಾಳು, ಅರ್ಧಕ್ಕೆ ಹೋಗಿ ಕ್ಷಮಿಸಿ ಎಂದೆನಂತೆ. ಲೆಕ್ಕಪತ್ರದವರಿಂದ ಹಿಡಿದು ಕಸ ಗುಡಿಸುವವರವರೆಗೆ ಎಲ್ಲರೂ ದಾಟಿದರು, ಒಬ್ಬರೂ ನುಗ್ಗಲಿಲ್ಲ.

"ಬಿಡಿ. ಟುರಿನ್ನಿಂದ ಒಬ್ಬರನ್ನ ಕರೆಸ್ತೀನಿ" ಎಂದು ಓರ್ನೆಲ್ಲಾ ಕೈಬಿಟ್ಟಳು. ತೆಕ್ಲಾಳಿಗೆ ಅವಮಾನವಾಯಿತು ಎಂದುಕೊಂಡಿದ್ದೆ. ಅವಳು ಬೂಟಿನ ದಾರ ಕಟ್ಟಿಕೊಳ್ಳುತ್ತ, "ಒಳ್ಳೇದೇ ಆಯ್ತು. ಬೆಳಿಗ್ಗೆ ಮಕ್ಕಳಿಗೆ ನಿಲ್ಲು ಅನ್ನೋದು, ಮಧ್ಯಾಹ್ನ ಇಲ್ಲಿ ಬಂದು ನುಗ್ಗೋದು, ಅದೇನು ಬಾಳು" ಎಂದಳು.

ಆ ಭಾನುವಾರ ಮಾಡಬೇಕಾಗಿದ್ದುದು ಬೇರೆಯೇ ಕೆಲಸ. ನಮ್ಮ ಸುಳ್ಳು ಚಿತ್ರ ನಿಜಕ್ಕೆ ಎಷ್ಟು ಹತ್ತಿರವಿದೆ ಎಂದು ತಿಳಿಯಲು ಆಗಾಗ ನಿಜವಾದ ಬೀದಿಯನ್ನು ಕಾರಿನ ಕ್ಯಾಮೆರಾದಲ್ಲಿ ಹಿಡಿದು ಪಕ್ಕಪಕ್ಕ ಇಟ್ಟು ನೋಡುತ್ತೇವೆ. ಮಳೆ ನಿಂತ ಬೆಳಗು, ರಸ್ತೆ ಇನ್ನೂ ಒದ್ದೆ, ಎಳೆಬಿಸಿಲು. ಇದಕ್ಕಿಂತ ಚೆನ್ನಾದ ಬೆಳಕು ಸಿಗುವುದಿಲ್ಲ. ಶಾಲೆಯ ಮುಂದಿನ ಸಿಗ್ನಲ್ ಬಳಿ ಹೋದೆವು. ಕ್ಲೆಮೆನ್ಸ್ ಮೊಣಕಾಲುಗಳ ನಡುವೆ ಕಾಫಿ ಲೋಟ ಇಟ್ಟುಕೊಂಡು ಕಾರು ಓಡಿಸುವುದು. ತೆಕ್ಲಾ ಉಡುಪಿನ ಮೇಲೆ ಕೋಟು ಹಾಕಿಕೊಂಡು ಫುಟ್‌ಪಾತಿನಲ್ಲಿ ಕಾಯುವುದು, ಹಸಿರಾದಾಗ ದಾಟುವುದು. ಪಕ್ಕದಲ್ಲಿ ನಾನು ಕೋಲಿನ ತುದಿಗೆ ಕನ್ನಡಿಯಂತೆ ಹೊಳೆಯುವ ಗುಂಡೊಂದನ್ನು ಹಿಡಿದು ನಿಲ್ಲುವುದು. ಬೆಳಕು ಯಾವ ಕಡೆಯಿಂದ ಎಷ್ಟು ಬೀಳುತ್ತಿದೆ ಎಂಬುದು ಆ ಗುಂಡಿನಲ್ಲಿ ದಾಖಲಾಗುತ್ತದೆ. ನೋಡಿದವರಿಗೆ ಮಾತ್ರ ನಾನು ಯಾವುದೋ ಮೆರವಣಿಗೆಯಿಂದ ತಪ್ಪಿಸಿಕೊಂಡವಳಂತೆ ಕಾಣುತ್ತೇನೆ.

ಎದುರಿಗೆ ಬೇಕರಿ ಆಗಲೇ ತೆರೆದಿತ್ತು. ಅದರ ಮೇಲಿನ ಮಹಡಿಯಲ್ಲೇ ಫ್ರಾವ್ ಎಬೆರ್ಲೆಯ ಮನೆ. ಅವರು ಗರಿಗರಿಯಾದ ಬಿಳಿ ದುಪ್ಪಟಿಯನ್ನು ಕಿಟಕಿಯಲ್ಲಿ ಗಾಳಿಗೆ ಹಾಕಲು ಬಂದಿದ್ದರು. ತೆಕ್ಲಾ ಕೈ ಬೀಸಿದಳು, ಅವರೂ ಬೀಸಿದರು. ಸಿಗ್ನಲ್ ಕೆಂಪಿತ್ತು. ದೂರದಲ್ಲಿ ಕ್ಲೆಮೆನ್ಸ್ ಕಾರು ಹೊರಡಿಸಿದ.

ಆಗ ಬೇಕರಿಯ ಬಾಗಿಲ ಗಂಟೆ ಕಿಣಿಕಿಣಿ ಎಂದಿತು. ಒಬ್ಬ ವಯಸ್ಸಾದ ಮನುಷ್ಯ ಹೊರಗೆ ಬಂದ. ಕೈಯಲ್ಲಿ ಬ್ರೆಡ್ಡಿನ ಕಾಗದದ ಚೀಲ. ತಲೆಯ ಮೇಲೆ ಹಸಿರು ಟೋಪಿ, ಎಡಗಡೆಗೆ ವಾರೆ. ನಮ್ಮ ಎದುರಿನ ಫುಟ್‌ಪಾತಿನ ಅಂಚಿಗೆ ಬಂದು ಸಿಗ್ನಲ್ಲಿಗಾಗಿ ಕಾಯುತ್ತ ನಿಂತ, ನಮ್ಮ ಕಡೆಗೆ ನೋಡುತ್ತ.

"ಫ್ರಿಡೊಲಿನ್" ಎಂದಳು ತೆಕ್ಲಾ.

ಕೂಗಲಿಲ್ಲ. ಅಡುಗೆಮನೆಯಿಂದ ಹಜಾರಕ್ಕೆ ಕರೆಯುವಷ್ಟೇ ದನಿ. ನಾನು ತಿರುಗುವಷ್ಟರಲ್ಲಿ ಅವಳು ರಸ್ತೆಯಲ್ಲಿದ್ದಳು. ಓಡುತ್ತಿರಲಿಲ್ಲ, ನಡೆಯುತ್ತಲೂ ಇರಲಿಲ್ಲ. ಕುತ್ತಿಗೆ ಮುಂದೆ, ಕಾಲು ಹಿಂದೆ. ಕ್ಲೆಮೆನ್ಸನ ಕಾರು ಕಿರ್ರೆಂದು ಜಾರಿ ಅವಳಿಂದ ಒಂದು ಮಾರು ಆಚೆ ನಿಂತಿತು, ಕಾಫಿ ಪೂರ್ತಿ ಅವನ ತೊಡೆಯ ಮೇಲೆ. ಅವಳಿಗೆ ಅದೊಂದೂ ಕಾಣಲಿಲ್ಲ. ಕೋಲು ಬಿಸಾಡಿ ಓಡೋಣವೆಂದರೆ ನನ್ನ ಕಾಲು ಏಳಲಿಲ್ಲ. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಸಿಗ್ನಲ್ ಕೆಂಪಿತ್ತು.

ಅವಳು ಆಚೆ ತಲುಪಿ ಆ ಮನುಷ್ಯನ ಮುಖ ನೋಡಿದಳು. ಅವನು ಯಾರದೋ ಮನೆಗೆ ಬಂದಿದ್ದ ಬೇರೆ ಊರಿನ ನೆಂಟ. ಚೀಲವನ್ನು ಎದೆಗವುಚಿಕೊಂಡು, "ಕೆಂಪು ಇತ್ತಲ್ಲಮ್ಮ" ಎಂದ.

ಮೇಲಿನಿಂದ ದುಪ್ಪಟಿ ಬಿಟ್ಟು ಫ್ರಾವ್ ಎಬೆರ್ಲೆ ಬಗ್ಗಿದ್ದರು. "ಫ್ರಾವ್ ರಾಪ್! ನೀವಾ? ನೀವೇನಾ?" ಎಂದವರು ಕಿಟಕಿ ಮುಚ್ಚಿದರು. ಮಧ್ಯಾಹ್ನದೊಳಗೆ ಊರಿಗೆಲ್ಲ ಗೊತ್ತಾಯಿತು. ಸಂಜೆ ಅವರ ಫೋನು ಬಂತು: ನಾಳೆ ಬೆಳಿಗ್ಗೆ ಜಾಕೆಟ್ಟು ತನ್ನಿ, ಮಾತಾಡೋಣ.

ಇತ್ತ ಕ್ಲೆಮೆನ್ಸನಿಗೆ ಹಬ್ಬ. ತೊಡೆ ಸುಟ್ಟುಕೊಂಡಿದ್ದರೂ ಕುಣಿಯುತ್ತಿದ್ದ. ಕ್ಯಾಮೆರಾದಲ್ಲಿ ಚಿತ್ರ ಸಿಕ್ಕಿತ್ತು, ಉಡುಪಿನಲ್ಲಿ ನಡಿಗೆ ಸಿಕ್ಕಿತ್ತು. "ಇದೇ! ಓರ್ನೆಲ್ಲಾ ಕೇಳಿದ್ದು ಇದೇ ನಡಿಗೆ! ತೆಕ್ಲಾ, ಹೇಗೆ ಮಾಡಿದ್ರಿ?" ಎಂದು ಅವಳ ಮನೆಗೇ ಬಂದ. ತೆಕ್ಲಾ ಅಡುಗೆಮನೆಯ ಮೇಜಿನ ಮೇಲೆ ಹಳದಿ ಜಾಕೆಟ್ಟನ್ನು ಹಾಸಿ ಅದರ ಕಲೆಯೊಂದನ್ನು ಒದ್ದೆ ಬಟ್ಟೆಯಿಂದ ಒರೆಸುತ್ತಿದ್ದಳು.

"ಜಾಕೆಟ್ ವಾಪಸ್ ಕೇಳಿದಾರೆ ಕಣೋ" ಎಂದೆ ನಾನು.

"ಅಷ್ಟೇನಾ? ನಾನೀಗಲೇ ಫೋನ್ ಮಾಡ್ತೀನಿ. ಕೆಲಸಕ್ಕೋಸ್ಕರ ದಾಟಿದ್ರು, ನಾನೇ ಹೇಳಿದ್ದೆ ಅಂತೀನಿ. ಮುಗೀತು."

ತೆಕ್ಲಾ ತಲೆಯೆತ್ತಿದಳು. "ಬೇಡ. ಆಫೀಸಲ್ಲಿ ಬಲ್ಬಿನ ಮುಂದೆ ನಿಂತಿದ್ದೆನಲ್ಲ, ಅದು ಕೆಲಸಕ್ಕೆ. ಇವತ್ತು ದಾಟಿದ್ದು ನನಗೋಸ್ಕರ."

"ಯಾರಿಗೆ ಗೊತ್ತಾಗತ್ತೆ?"

"ಈಗ ನಿಂಗೆ ಗೊತ್ತಾಯ್ತು" ಎಂದಳು.

ಅವನು ಹೋದ ಮೇಲೆ ನನಗೆ ಸಿಟ್ಟು ಬಂತು. "ಏನೇ ನಿನ್ನ ಹಟ! ಒಂದು ಸಣ್ಣ ಸುಳ್ಳು. ಆ ಜಾಕೆಟ್ ಹೋದ್ರೆ ನೀನು ಮತ್ತೆ ಪರದೆ ಎಳ್ಕೊಂಡು ಕೂರ್ತೀಯ. ಮತ್ತೆ ನಾನು ಸೂಪು ಹೊತ್ಕೊಂಡು ಮೆಟ್ಟಿಲು ಹತ್ತಬೇಕು. ನನ್ನ ಮೊಣಕಾಲು ಈಗ ನಿಮ್ಮ ಮಾವನ ಥರ ಆಗಿದೆ" ಎಂದೆ.

ಅವಳು ನಕ್ಕಳು, ನಗುತ್ತಲೇ ಕಣ್ಣೊರೆಸಿಕೊಂಡಳು. "ಅವನೇ ಅಂದ್ಕೊಂಡೆ ಯೂಟಾ. ಒಂದು ಗಳಿಗೆ ಅವನೇ ಆಗಿದ್ದ. ಆ ಗಳಿಗೇನ ಆಫೀಸಿನ ಲೆಕ್ಕಕ್ಕೆ ಬರಿ ಅಂತೀಯಾ?" ಎಂದಳು. ಕಲೆ ಹೋಗಿರಲಿಲ್ಲ, ಬಟ್ಟೆ ಕಿತ್ತುಕೊಂಡು ನಾನೇ ಉಜ್ಜಿದೆ.

ಸೋಮವಾರ ಬೆಳಿಗ್ಗೆ ನಾನೂ ಜೊತೆಗೆ ಹೋದೆ. ತೆಕ್ಲಾ ಜಾಕೆಟ್ಟು ತೊಡದೆ, ಮಡಿಸಿ ಕೈಯಲ್ಲಿ ಹಿಡಿದಿದ್ದಳು. ಶಾಲೆಯ ಎದುರು ಬದಿಯ ಫುಟ್‌ಪಾತಿನಲ್ಲಿ ಮಕ್ಕಳು ಚೀಲ ಹೊತ್ತು ಗುಂಪಾಗಿ ನಿಂತಿದ್ದವು. ಫ್ರಾವ್ ಎಬೆರ್ಲೆ ಅಲ್ಲಿಗೇ ಬಂದಿದ್ದರು. ಅವರ ಮುಖ ನೋಡಿದರೆ ಅವರೂ ನಿದ್ದೆಗೆಟ್ಟವರಂತಿತ್ತು. ಜಾಕೆಟ್ಟು ಕೊಟ್ಟವರೂ ಅವರೇ ತಾನೆ.

"ಒಳಗೆ ಹೋಗಿ ಮಾತಾಡೋಣ" ಎಂದರು ತಗ್ಗಿದ ದನಿಯಲ್ಲಿ.

"ಬೇಡ. ನಾನು ಯಾರಿಗೆ ನಿಲ್ಲು ಅಂತಿದ್ನೋ ಅವರ ಮುಂದೇನೇ ಹೇಳ್ತೀನಿ" ಎಂದು ತೆಕ್ಲಾ ಮಕ್ಕಳ ಕಡೆ ತಿರುಗಿದಳು. "ಮಕ್ಕಳೇ, ನಿನ್ನೆ ನಾನು ಇಲ್ಲೇ ಕೆಂಪಲ್ಲಿ ದಾಟಿದೆ. ಕಾರು ಬರ್ತಿತ್ತು, ನೋಡಲಿಲ್ಲ. ಅದು ತಪ್ಪು. ಅದಕ್ಕೆ ಈ ಜಾಕೆಟ್ ವಾಪಸ್ ಕೊಡ್ತಿದೀನಿ." ಜಾಕೆಟ್ಟು ಫ್ರಾವ್ ಎಬೆರ್ಲೆಯ ಕೈಗೆ ಹೋಯಿತು.

ಮಕ್ಕಳು ಬಾಯಿ ಬಿಟ್ಟು ನೋಡಿದವು. ಸಿಗ್ನಲ್ ಹಸಿರಾಯಿತು. ಒಂದು ಮಗುವೂ ಹೆಜ್ಜೆ ಇಡಲಿಲ್ಲ. ಮತ್ತೆ ಕೆಂಪಾಯಿತು.

ಮುಂದಿನ ಸಾಲಿನಲ್ಲಿದ್ದ ಮಿನ್ನಾ ಎಂಬ ಹುಡುಗಿ, ಎರಡನೆಯ ತರಗತಿಯದು, ಮುಂದಿನ ಹಲ್ಲು ಬಿದ್ದ ಮೋಟು ಜಡೆಯದು, ಕೇಳಿತು: "ತೆಕ್ಲತ್ತೆ, ಯಾಕೆ ಹೋದ್ರಿ?"

"ಆಚೆ ಕಡೆ ನನಗೆ ಬೇಕಾದೋರು ಒಬ್ರು ಕಂಡ್ರು ಚಿನ್ನ. ತುಂಬಾ ದಿನದಿಂದ ನೋಡಿರಲಿಲ್ಲ."

ಮಿನ್ನಾಗೆ ಇದು ಸರಿಬರಲಿಲ್ಲ. ಹುಬ್ಬು ಗಂಟಿಕ್ಕಿಕೊಂಡು ಯೋಚಿಸಿತು. "ಆದ್ರೆ ಅವರು ಎಲ್ಲೂ ಓಡಿಹೋಗಲ್ವಲ್ಲ" ಎಂದಿತು. "ಹಸಿರಾಗೋವರ್ಗೂ ಕಾಯ್ತಾರೆ. ನೀವೇ ಹೇಳಿದ್ರಿ."

ತೆಕ್ಲಾ ಕುಳಿತುಬಿಟ್ಟಳು, ಅಲ್ಲೇ, ಫುಟ್‌ಪಾತಿನ ಅಂಚಿನ ಕಲ್ಲಿನ ಮೇಲೆ. ಗೇಟಿನಾಚೆ ಟೋಪಿ ವಾರೆ ಮಾಡಿಕೊಂಡು ಒಂದು ಕಾಲು ಪೆಡಲಿನ ಮೇಲಿಟ್ಟು ನಿಲ್ಲುತ್ತಿದ್ದ ಹುಡುಗನ ವಿಷಯ ಆ ಮಗುವಿಗೆ ಏನು ಗೊತ್ತು? ಗೊತ್ತಿದ್ದವಳು ನಾನೊಬ್ಬಳು. ನಾನು ಮುಖ ಆಚೆ ತಿರುಗಿಸಿಕೊಂಡೆ, ಅಳು ತಡೆಯಲಾಗಲಿಲ್ಲ.

"ಹೌದಲ್ವೇ" ಎಂದಳು ತೆಕ್ಲಾ. "ಕಾಯೋದ್ರಲ್ಲಿ ಅವನ್ನ ಮೀರಿಸೋರಿಲ್ಲ."

ಶಾಲೆಯ ಗಂಟೆ ಹೊಡೆಯಿತು. ಸಿಗ್ನಲ್ ಮತ್ತೆ ಹಸಿರಾಯಿತು. ಮಕ್ಕಳು ತೆಕ್ಲಾಳನ್ನು ನೋಡಿದವು, ತೆಕ್ಲಾ ನೆಲ ನೋಡಿದಳು, ಸಿಗ್ನಲ್ ಕೆಂಪಾಯಿತು. ಆಚೆಯ ಗೇಟಿನಲ್ಲಿ ಮೇಷ್ಟರೊಬ್ಬರು ಕೈಗಡಿಯಾರ ತೋರಿಸುತ್ತಿದ್ದರು. ಫ್ರಾವ್ ಎಬೆರ್ಲೆ ಜಾಕೆಟ್ಟನ್ನು ತಮ್ಮ ದುಪ್ಪಟಿಯ ಹಾಗೆ ಎರಡು ಸಲ ಜೋರಾಗಿ ಕೊಡವಿದರು.

"ಏಳಿ ಫ್ರಾವ್ ರಾಪ್. ನಿಮ್ಮಿಂದ ಇಡೀ ಶಾಲೆ ತಡ. ಹಾಕ್ಕೊಳಿ ಇದನ್ನ, ಮೊದಲು ಮಕ್ಕಳನ್ನ ದಾಟಿಸಿ. ಮಿಕ್ಕಿದ್ದು ಆಮೇಲೆ ಮಾತಾಡೋಣ."

"ನಾನು ತಪ್ಪು ಮಾಡಿದೀನಿ."

"ಮಾಡಿದೀರಿ. ಒಪ್ಪಿಕೊಂಡ್ರಲ್ಲ? ಕೈ ತೂರಿಸಿ" ಎಂದು ತಾವೇ ತೊಡಿಸಿ, ಮುಂದಿನ ಪಟ್ಟಿ ಎಳೆದು ಬಿಗಿ ಮಾಡಿದರು. ಆಮೇಲೆ ಮಾತಾಡೋಣ ಎಂದ ಮಾತು ಇವತ್ತಿನವರೆಗೂ ಆಡಿಲ್ಲ. ಬೇಕರಿಯಲ್ಲಿ ಕೆಲವರು ಸ್ವಲ್ಪ ದಿನ ಮುಖ ತಿರುಗಿಸಿದರು, ಆಮೇಲೆ ಅವರಿಗೂ ಬೇರೆ ಸುದ್ದಿ ಸಿಕ್ಕಿತು.

ಓರ್ನೆಲ್ಲಾ ಮತ್ತೆ ಬಂದಾಗ ಚಿತ್ರ ಸಿದ್ಧವಾಗಿತ್ತು. ಮಳೆ ನಿಂತ ಬೆಳಗು, ಒದ್ದೆ ರಸ್ತೆ, ಎಳೆಬಿಸಿಲು, ಆ ಗುಂಡಿನಲ್ಲಿ ಹಿಡಿದ ಬೆಳಕು. ತೆಕ್ಲಾಳ ಆ ನಡಿಗೆಯನ್ನು ಒಮ್ಮೆ ಕುಡುಕನಿಗೆ, ಒಮ್ಮೆ ಗಾಡಿಯ ತಾಯಿಗೆ ತೊಡಿಸಿದ್ದೆ. ಕೊನೆಗೆ ಚೀಲ ಹೊತ್ತ ಪುಟ್ಟ ಹುಡುಗಿಗೆ. ಮೊದಮೊದಲು ಡಬ್ಬಿ ತಬ್ಬಿಬ್ಬಾಯಿತು, ದೀಪ ಹತ್ತಲೇ ಇಲ್ಲ. ಅದನ್ನು ತಯಾರಿಸಿದವರು ತಿದ್ದಿದರು, ಮತ್ತೆ ತಿದ್ದಿದರು. ಈ ಸಲ ಹುಡುಗಿ ಕುತ್ತಿಗೆ ಮುಂದೆ ಮಾಡಿ ಕೆಂಪಿನಲ್ಲಿ ನುಗ್ಗಿತು. ಮೇಜಿನ ಮೇಲಿನ ದೀಪ ಫಕ್ಕನೆ ಹತ್ತಿತು.

"ಬ್ರಾವೋ" ಎಂದಳು ಓರ್ನೆಲ್ಲಾ. ಕ್ಲೆಮೆನ್ಸ್ ಚಿತ್ರ ನಿಲ್ಲಿಸಲು ಕೈ ಚಾಚಿದ. ಬ್ರೇಕ್ ಬಿದ್ದ ಮೇಲೆ ಮುಂದಿನದು ಯಾರಿಗೂ ಬೇಕಿಲ್ಲ.

"ನಿಲ್ಲಿಸಬೇಡ" ಎಂದಳು ಹಿಂದೆ ನಿಂತಿದ್ದ ತೆಕ್ಲಾ. "ಮಗು ಆಚೆ ಸೇರಲಿ."

ಚಿತ್ರ ಓಡಿತು. ಹುಡುಗಿ ಆಚೆ ಸೇರಿತು. ಅಲ್ಲಿ ಬೇಕರಿಯ ಮುಂದೆ, ಫುಟ್‌ಪಾತಿನ ಅಂಚಿನಲ್ಲಿ, ಹಸಿರು ಟೋಪಿಯ ಒಬ್ಬ ಮನುಷ್ಯ ಬ್ರೆಡ್ಡಿನ ಚೀಲ ಹಿಡಿದು ಕಾಯುತ್ತ ನಿಂತಿದ್ದ. ಯಾರೂ ಕೇಳದಿದ್ದರೂ ನಾನೇ ಬರೆದು ನಿಲ್ಲಿಸಿದ್ದೆ.

"ಇವನ್ಯಾರು?" ಎಂದ ಕ್ಲೆಮೆನ್ಸ್.

"ಸುಮ್ನೆ, ಹಿಂದಿನ ಜನ" ಎಂದೆ.

ತೆಕ್ಲಾ ನನ್ನ ಕುರ್ಚಿಯ ಬೆನ್ನು ಹಿಡಿದು ಬಗ್ಗಿ ತೆರೆಯನ್ನೇ ನೋಡಿದಳು. ಅವಳ ಉಸಿರು ನನ್ನ ಕಿವಿಗೆ ತಾಗುತ್ತಿತ್ತು. ಚಿತ್ರದಲ್ಲಿ ಸಿಗ್ನಲ್ ಹಸಿರಾಯಿತು, ಆ ಮನುಷ್ಯ ಇನ್ನೂ ಅಲ್ಲೇ ಇದ್ದ.

"ಟೋಪಿ ಇನ್ನೊಂಚೂರು ವಾರೆ ಇರಲಿ ಕಣೇ" ಎಂದಳು.

ನಾನು ಇನ್ನೊಂಚೂರು ವಾರೆ ಮಾಡಿದೆ.